ಮನೆ ಸುಸ್ಥಿತಿಯಲ್ಲಿದೆ

ನಮ್ಮ ಮನೆ ಚೆನ್ನಾಗಿದೆ ಅಂತ ಸರ್ಕಾರ ಬರೆದು ಕೊಟ್ಟಿದೆ. ಮೊಹರು ಒತ್ತಿ, ಸಹಿ ಹಾಕಿ, ಅಂಚೆಯಲ್ಲಿ ಕಳಿಸಿದೆ. ಚೆನ್ನಾಗಿರುವುದರಿಂದ ನಮಗೆ ಸಹಾಯ ಇಲ್ಲವಂತೆ. ಸಹಾಯ ಸಿಗದಿದ್ದರೆ ಈ ಮನೆಯನ್ನು ಬ್ಯಾಂಕು ತೆಗೆದುಕೊಳ್ಳುತ್ತದೆ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ಕೇಳಿದವರು ನನ್ನ ತಲೆಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನನ್ನ ಗಂಡ ಪೇಂಟರ್. ನಾನೂ ಪೇಂಟರ್, ಆದರೆ ನನ್ನನ್ನು ಯಾರೂ ಹಾಗೆ ಕರೆಯುವುದಿಲ್ಲ, ಹೆಲ್ಪರ್ ಅನ್ನುತ್ತಾರೆ. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಏಣಿಯಲ್ಲಿ ಕೆಲಸ ಮಾಡಿದ್ದೇವೆ. ಮದುವೆಯಾದ ಹೊಸದರಲ್ಲಿ ಅವನನ್ನು ‘ರೀ’ ಅನ್ನುತ್ತಿದ್ದೆ. ಏಣಿಯ ಮೇಲೆ ನಿಂತು ‘ರೀ, ಸ್ವಲ್ಪ ಆ ಬ್ರಷ್ ಕೊಡ್ತೀರಾ’ ಅನ್ನುವಷ್ಟರಲ್ಲಿ ಗೋಡೆ ಒಣಗಿಹೋಗುತ್ತದೆ. ಒಂದೇ ತಿಂಗಳಲ್ಲಿ ಅದು ‘ಏ, ಬ್ರಷ್ ಕೊಡು’ ಆಯಿತು. ಅತ್ತೆ ಮೊದಮೊದಲು ಮೂಗು ಮುರಿದಳು, ಆಮೇಲೆ ಅವಳಿಗೂ ಅಭ್ಯಾಸವಾಯಿತು.

ಆ ದುಡಿಮೆಯ ಮೇಲೆ ಸಾಲ ಎತ್ತಿ ಈ ಮನೆ ಮಾಡಿಕೊಂಡೆವು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವಷ್ಟು ಜಾಗ. ಪ್ರತಿ ತಿಂಗಳು ಐದನೇ ತಾರೀಖು ಕಂತು ಕಟ್ಟುತ್ತಿದ್ದೆವು. ಒಂದು ಸಲವೂ ತಪ್ಪಿಸಿರಲಿಲ್ಲ.

ಹೋದ ವರ್ಷ ನನ್ನ ಗಂಡ ಸಾರವೆಯಿಂದ ಬಿದ್ದ. ಎರಡನೇ ಮಹಡಿಯ ಎತ್ತರ. ಸಾರವೆಗೆ ಕಟ್ಟಿದ ಹಗ್ಗ ಸವೆದಿದೆ ಅಂತ ಬೆಳಿಗ್ಗೆಯೇ ಕಂಟ್ರಾಕ್ಟರಿಗೆ ಹೇಳಿದ್ದ. ‘ಇವತ್ತೊಂದಿನ ಅಡ್ಜಸ್ಟ್ ಮಾಡ್ಕೋ’ ಅಂತ ಉತ್ತರ ಬಂದಿತ್ತು. ಸೊಂಟದ ಮೂಳೆ ಮುರಿಯಿತು. ಕಂಟ್ರಾಕ್ಟರ್ ಆಸ್ಪತ್ರೆಗೆ ಒಂದು ಸಲ ಬಂದ. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಕಾಗದ. ‘ನಾನು ಇವರ ಆಳಲ್ಲ, ಅವತ್ತು ಸುಮ್ಮನೆ ನೋಡಲು ಹೋಗಿದ್ದೆ’ ಅಂತ ಕಾಗದದಲ್ಲಿತ್ತು. ನಾವು ಸಹಿ ಹಾಕಲಿಲ್ಲ. ಹಾಕದಿದ್ದರೂ ಏನೂ ಆಗಲಿಲ್ಲ, ಯಾಕೆಂದರೆ ನನ್ನ ಗಂಡನ ಹೆಸರು ಅವನ ಯಾವ ಪುಸ್ತಕದಲ್ಲೂ ಇರಲಿಲ್ಲ. ಹಣ್ಣನ್ನು ಅತ್ತೆ ಪಕ್ಕದ ಮಂಚದವರಿಗೆ ಕೊಟ್ಟಳು.

ಅಲ್ಲಿಂದ ನಾನೊಬ್ಬಳೇ ಕೆಲಸಕ್ಕೆ ಹೋಗುತ್ತಿದ್ದೇನೆ. ಕೆಲಸ ಪೂರ್ತಿ, ಕೂಲಿ ಅರ್ಧ. ಯಾಕೆ ಅಂದರೆ ‘ನೀನು ಹೆಲ್ಪರ್ ಅಲ್ವಾ’ ಅನ್ನುತ್ತಾರೆ. ಯಾರಿಗೆ ಹೆಲ್ಪರ್? ಪಕ್ಕದಲ್ಲಿ ಯಾರೂ ಇಲ್ಲ. ಸೀಲಿಂಗಿನ ಪುಟ್ಟಿ ಉಜ್ಜುವಾಗ ಕತ್ತನ್ನು ಹಿಂದಕ್ಕೆ ಮುರಿದಂತೆ ಬಾಗಿಸಿ ದಿನವಿಡೀ ನಿಲ್ಲಬೇಕು. ಪುಡಿ ಕಣ್ಣಿಗೆ ಬೀಳುತ್ತದೆ, ಮೂಗಿಗೆ ಹೋಗುತ್ತದೆ, ಬಾಯಿಗೆ ಕಟ್ಟಿದ ಬಟ್ಟೆಯೊಳಗೂ ಹೋಗುತ್ತದೆ. ಕೆಮ್ಮಿದರೆ ಬಿಳಿ ಕಫ ಬರುತ್ತದೆ. ಬೆರಳ ಸಂದಿಗಳು ಒಡೆದು, ಅಡುಗೆಗೆ ಉಪ್ಪು ಹಾಕುವಾಗ ಜೀವ ಹೋಗುತ್ತದೆ. ಇಷ್ಟು ಮಾಡಿದರೂ ಆ ಕೂಲಿ ಊಟಕ್ಕೂ ಔಷಧಿಗೂ ಆಗುತ್ತಿತ್ತು, ಕಂತಿಗೆ ಸಾಲುತ್ತಿರಲಿಲ್ಲ. ನಾಲ್ಕು ತಿಂಗಳು ತಪ್ಪಿತು. ಬ್ಯಾಂಕಿನಿಂದ ಫೋನಿನ ಮೇಲೆ ಫೋನು.

ಆಗ ಆ ಯೋಜನೆ ಬಂತು. ಬಸ್ ನಿಲ್ದಾಣದಲ್ಲಿ ಗೋಡೆಯಷ್ಟು ದೊಡ್ಡ ಪೋಸ್ಟರ್. ಗಂಡ, ಹೆಂಡತಿ, ಮಗು ಒಂದು ಬಾಗಿಲ ಮುಂದೆ ಹಲ್ಲು ಕಿರಿದು ನಿಂತಿದ್ದರು. ‘ಸಂಕಷ್ಟದಲ್ಲಿರುವ ಮನೆ ಮಾಲೀಕರೇ, ಚಿಂತೆ ಬಿಡಿ. ನಿಮ್ಮ ಕಂತಿನ ಅರ್ಧ ಸರ್ಕಾರದ್ದು.’ ಎರಡು ವರ್ಷದವರೆಗೆ ಕಟ್ಟುತ್ತಾರಂತೆ. ನನ್ನನ್ನು ಮಾಲೀಕಳು ಅಂತ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಪೋಸ್ಟರನ್ನು ಎರಡು ಸಲ ಓದಿದೆ.

ಅರ್ಜಿ ಕೊಡಲು ಆರು ಸಲ ಹೋದೆ. ಹೋದ ದಿನವೆಲ್ಲ ಕೂಲಿ ಇಲ್ಲ. ಒಂದು ದಿನ ಆಸ್ಪತ್ರೆಯ ಚೀಟಿ ಬೇಕು ಅಂದರು. ಇನ್ನೊಂದು ದಿನ ಆ ಚೀಟಿಯ ಮೇಲಿನ ಮೊಹರು ಮಸುಕಾಗಿದೆ ಅಂದರು. ಆದಾಯದ ದಾಖಲೆ ತಾ ಅಂದರು. ಕೂಲಿಯವಳಿಗೆ ಎಲ್ಲಿಯ ದಾಖಲೆ? ‘ನಿಮ್ಮ ಮಾಲೀಕರ ಹತ್ರ ಬರೆಸ್ಕೊಂಡು ಬನ್ನಿ’ ಅಂದರು. ಯಾವ ಮಾಲೀಕರು? ಸೋಮವಾರ ಒಬ್ಬರು, ಗುರುವಾರ ಒಬ್ಬರು. ಆರನೇ ಸಲ ಕೌಂಟರಿನಲ್ಲಿದ್ದ ಕನ್ನಡಕದ ಮೇಡಂ ಅರ್ಜಿ ತೆಗೆದುಕೊಂಡಳು. ನನ್ನ ಕೈಯನ್ನು ನೋಡಿಯೇ ತೆಗೆದುಕೊಂಡಳೋ ಏನೋ. ‘ಬರೋ ಗುರುವಾರ ಮನೆ ತಪಾಸಣೆಗೆ ಬರ್ತಾರೆ. ಎಲ್ರೂ ಮನೇಲಿರಿ’ ಅಂದಳು.

ನಾನು ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಎದ್ದು ನಿಂತು ನಾಲ್ಕೂ ಗೋಡೆ ನೋಡಿದಳು.

‘ಸರ್ಕಾರದೋರು ಬರ್ತಾರಂತೆ. ಈ ಗೋಡೆ ನೋಡಿದ್ರೆ ಏನಂದ್ಕೋತಾರೆ? ಇಬ್ಬಿಬ್ರು ಪೇಂಟರ್‌ಗಳು ಇರೋ ಮನೆ ಇದು!’

ಅವಳು ಹೇಳಿದ್ದು ನಿಜ. ಊರವರ ಮನೆಗೆಲ್ಲ ಬಣ್ಣ ಬಳಿದ ನಾವು ನಮ್ಮ ಮನೆಗೆ ಬಳಿದಿರಲಿಲ್ಲ. ಗಾರೆ ಹಾಗೇ ಇತ್ತು. ಭಾನುವಾರ ಬಂದರೆ ಬ್ರಷ್ ಮುಟ್ಟುವ ಮನಸ್ಸೂ ಇರುತ್ತಿರಲಿಲ್ಲ, ಬಣ್ಣ ಕೊಳ್ಳುವ ದುಡ್ಡೂ ಇರುತ್ತಿರಲಿಲ್ಲ.

ಮಂಚದ ಕೆಳಗೆ ಡಬ್ಬಗಳಿದ್ದವು. ಕೆಲಸ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಮನೆಯವರು ಬಿಸಾಡಿ ಅನ್ನುತ್ತಾರೆ, ನಾವು ತಂದುಕೊಳ್ಳುತ್ತೇವೆ. ನನ್ನ ಗಂಡ ಸ್ಟೂಲಿನ ಮೇಲೆ ಕೂತು ಒಂದೊಂದೇ ಮುಚ್ಚಳ ತೆಗೆಸಿದ. ಎಣ್ಣೆ ಬಣ್ಣ ಒಂದು ಕಡೆ, ನೀರು ಬಣ್ಣ ಒಂದು ಕಡೆ. ಕೆನೆಗಟ್ಟಿದ್ದನ್ನು ಹಳೇ ಬಟ್ಟೆಯಲ್ಲಿ ಸೋಸಿಸಿದ. ನೀರು ಬಣ್ಣಗಳಲ್ಲಿ ವಕೀಲರ ಮನೆಯ ಹಸಿರು, ಯಾವುದೋ ಶಾಲೆಯ ಹಳದಿ, ಒಂದು ಅಂಗಡಿಯ ಬಿಳಿ, ಎಲ್ಲ ಒಂದೇ ಬಕೆಟ್ಟಿಗೆ ಬಿದ್ದವು.

‘ಇದೇನೋ ಬಣ್ಣ? ಕಾಮಾಲೆ ಬಂದೋರ ಮುಖದ ಥರ ಇದೆ’ ಅಂದಳು ಅತ್ತೆ.

‘ಒಣಗ್ಲಿ ತಾಳಮ್ಮ. ಒಣಗಿದ ಮೇಲೆ ಮಾತಾಡು’ ಅಂದ ಅವನು.

ಬುಧವಾರ ಬೆಳಿಗ್ಗೆ ಶುರು ಮಾಡಿದೆವು. ಏಣಿ ಹತ್ತಿ ಮೇಲಿನರ್ಧ ನಾನು, ಸ್ಟೂಲಿನ ಮೇಲೆ ಕೂತು ಕೆಳಗಿನರ್ಧ ಅವನು. ಸ್ಟೂಲನ್ನು ಅತ್ತೆ ಗೇಣು ಗೇಣು ಸರಿಸುತ್ತಿದ್ದಳು. ಎಂಟು ತಿಂಗಳ ಮೇಲೆ ಅವನ ಕೈಗೆ ಬ್ರಷ್ ಬಂದಿತ್ತು. ನೋವಿಗೆ ಹಲ್ಲು ಕಚ್ಚುತ್ತಿದ್ದ, ಆದರೆ ಬಿಡಲಿಲ್ಲ. ಬೀದಿಗೆ ಕಾಣುವ ಮುಂದಿನ ಗೋಡೆಗೂ ಬಳಿದೆವು. ಕೊನೆಗೆ ಒಳಗಿನ ಗೋಡೆಯ ನಡುವೆ ಒಂದು ತೆಳುವಾದ ಗೆರೆ ಎಳೆದ. ಪಟ್ಟಿ ಇಲ್ಲ, ದಾರ ಇಲ್ಲ, ಬರೀ ಕೈ. ಈ ಮೂಲೆಯಿಂದ ಆ ಮೂಲೆಗೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಬಣ್ಣ ಒಣಗಿ ತಿಳಿ ಪಾಚಿ ಬಣ್ಣಕ್ಕೆ ತಿರುಗಿತು. ಅತ್ತೆ ಸೋತೆ ಅಂತ ಒಪ್ಪಿಕೊಳ್ಳದೆ ‘ಪರವಾಗಿಲ್ಲ’ ಅಂದಳು. ಮೂವರೂ ಗೋಡೆ ನೋಡುತ್ತಾ ಕೂತೆವು. ನನಗೆ ಖುಷಿಯಾಗಿತ್ತು. ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅವತ್ತು ಆಗಿತ್ತು.

ಗುರುವಾರ ಎದುರು ಮನೆಯ ಹೊಲಿಗೆಯಕ್ಕನಿಂದ ಎರಡು ಕುರ್ಚಿ ತಂದೆವು. ಅವಳೇ ಒಂದು ಹೊಸ ಪರದೆಯನ್ನೂ ಕೊಟ್ಟಳು, ಗಿರಾಕಿ ಸಂಜೆ ಬರುವವರೆಗೆ ಇಟ್ಟುಕೋ ಅಂತ. ಅತ್ತೆ ಇರುವುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಳು.

ತಪಾಸಣೆಯವನು ಹನ್ನೊಂದಕ್ಕೆ ಬಂದ. ಚಿಕ್ಕ ವಯಸ್ಸು, ಇಸ್ತ್ರಿ ಮಾಡಿದ ಶರ್ಟು. ಅತ್ತೆ ‘ಕೂತ್ಕೊಳ್ಳಪ್ಪ’ ಅಂದರೂ ಕೂರಲಿಲ್ಲ. ನನ್ನ ಗಂಡ ಮರ್ಯಾದೆಗೆ ಎದ್ದು ನಿಂತ. ಗೋಡೆಗೆ ಒಂದು ಕೈ ಊರಿ, ತುಟಿ ಬಿಳಿಚಿಕೊಂಡು ನಿಂತ. ತಪಾಸಣೆಯವನು ಫೋನಿನಲ್ಲಿ ಫೋಟೋ ತೆಗೆಯುತ್ತಾ ಹೋದ. ಗೋಡೆ, ಪರದೆ, ಕುರ್ಚಿ, ನಿಂತ ಗಂಡ.

‘ಪೇಂಟಿಂಗ್ ಯಾವಾಗ ಆಯ್ತು?’

‘ನಿನ್ನೆ ತಾನೇ ಸರ್’ ಅಂದ ನನ್ನ ಗಂಡ. ಎಂಟು ತಿಂಗಳಲ್ಲಿ ಅವನ ಮುಖದಲ್ಲಿ ಅಂಥ ಬೆಳಕು ನೋಡಿರಲಿಲ್ಲ.

‘ಚೆನ್ನಾಗಿದೆ. ಎಷ್ಟಾಗುತ್ತೆ ಇದಕ್ಕೆ?’

‘ಹೊರಗಡೆ ಮಾಡ್ಸಿದ್ರೆ ಹದಿನೆಂಟು ಸಾವಿರಕ್ಕೆ ಕಮ್ಮಿ ಇಲ್ಲ ಸರ್. ಆ ಗೆರೆ ನೋಡಿ, ಅದೊಂದಕ್ಕೇ ಸಾವಿರ ತಗೋತಾರೆ. ನಾವೇ ಮಾಡ್ಕೊಂಡಿದ್ದು. ಉಳಿದ ಬಣ್ಣ ಎಲ್ಲ ಸೇರ್ಸಿ…’

ಗೋಡೆ ತೋರಿಸಿ ಯಾರು ಕೇಳಿದರೂ ಪೇಂಟರ್ ರೇಟು ಹೇಳುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ತಪಾಸಣೆಯವನು ಹದಿನೆಂಟು ಸಾವಿರ ಅಂತ ಬರೆದುಕೊಂಡ. ‘ಉಳಿದ ಬಣ್ಣ’ ಅನ್ನುವ ಹೊತ್ತಿಗೆ ಅಡುಗೆಮನೆಯ ಫೋಟೋ ತೆಗೆಯುತ್ತಿದ್ದ.

ಹದಿನೈದು ದಿನಕ್ಕೆ ಕಾಗದ ಬಂತು. ‘ಸ್ಥಳ ಪರಿಶೀಲನೆಯಲ್ಲಿ ಮನೆಯು ಸುಸ್ಥಿತಿಯಲ್ಲಿದ್ದು, ಇತ್ತೀಚೆಗೆ ನವೀಕರಣಗೊಂಡಿರುವುದು, ಅದಕ್ಕೆ ಅರ್ಜಿದಾರರ ಕುಟುಂಬವೇ ತಿಳಿಸಿದಂತೆ ಹದಿನೆಂಟು ಸಾವಿರ ವೆಚ್ಚವಾಗಿರುವುದು, ಅರ್ಜಿದಾರರ ಪತಿಯು ಎದ್ದು ನಿಲ್ಲಲು ಶಕ್ತರಾಗಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ನನ್ನ ಗಂಡ ಓದಿ ಕಾಗದವನ್ನು ಮಡಿಸಿ ದಿಂಬಿನ ಕೆಳಗಿಟ್ಟ. ‘ನನ್ನ ಬಾಯಿ ಸುಡ’ ಅಂದ.

ನಾನು ಕಚೇರಿಗೆ ಓಡಿದೆ. ಕನ್ನಡಕದ ಮೇಡಂ ಕಾಗದ ನೋಡಿ ತಲೆಗೆ ಕೈ ಹಚ್ಚಿಕೊಂಡಳು.

‘ಯಾರಾದ್ರೂ ತಪಾಸಣೆಗೆ ಮುಂಚೆ ಬಣ್ಣ ಹೊಡೀತಾರೇನಮ್ಮ?’

‘ಮನೆಗೆ ಬರೋರು ಬರ್ತಾರೆ ಅಂದ್ರೆ ಹೊಲಸಾಗಿ ಇಟ್ಕೊಳ್ಳೋಕೆ ಆಗುತ್ತಾ ಮೇಡಂ?’

‘ಆಗ್ಬೇಕು’ ಅಂದಳು. ಆಮೇಲೆ ಅತ್ತಿತ್ತ ನೋಡಿ ದನಿ ಇಳಿಸಿದಳು. ‘ಮೇಲ್ಮನವಿ ಹಾಕಿ, ತಪಾಸಣೆಯೋರು ಇನ್ನೊಂದ್ಸಲ ಬರೋ ಹಾಗೆ ನಾನು ಮಾಡ್ತೀನಿ. ಅಷ್ಟರಲ್ಲಿ ಬಣ್ಣ ಕೆರೆದುಬಿಡಿ. ಪರದೆ, ಕುರ್ಚಿ ಏನೂ ಬೇಡ. ಯಜಮಾನ್ರು ಮಲಗಿರ್ಲಿ. ನೋಡಿದೋರಿಗೆ ಅಯ್ಯೋ ಅನ್ನಿಸ್ಬೇಕು. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ.’

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಸಿಟ್ಟು.

ಎರಡು ದಿನದ ಕೂಲಿ ಬಿಟ್ಟು ಒಳಗಿನ ಗೋಡೆ, ಬೀದಿಗೆ ಕಾಣುವ ಗೋಡೆ ಎಲ್ಲ ಕೆರೆದೆ. ಪುಟ್ಟಿ ಹಚ್ಚುವ ಕಬ್ಬಿಣದ ಪಟ್ಟಿಯಲ್ಲಿ ಬಣ್ಣದ ಜೊತೆಗೆ ಗಾರೆಯೂ ಕಿತ್ತು ಬರುವ ಹಾಗೆ ಕೆರೆದೆ. ಹದಿನಾಲ್ಕು ವರ್ಷದಲ್ಲಿ ನೂರಾರು ಗೋಡೆ ಕೆರೆದಿದ್ದೇನೆ, ಎಲ್ಲ ಚೆಂದ ಮಾಡಲು ಕೆರೆದದ್ದು. ಹಾಳು ಮಾಡಲು ಕೆರೆಯುವುದು ಕಷ್ಟ, ಕೈ ತಾನಾಗಿ ಸಮ ಮಾಡುತ್ತಾ ಹೋಗುತ್ತದೆ. ಬೇಕಂತಲೇ ಅಲ್ಲಲ್ಲಿ ಗುಳಿ ಮಾಡಬೇಕಾಯಿತು. ನನ್ನ ಗಂಡ ಆ ಎರಡು ದಿನವೂ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಕೂತಿದ್ದ. ಅವನ ಗೆರೆಯ ಹತ್ತಿರ ಬಂದಾಗ ಕರೆದು ಕೇಳಿದೆ.

‘ಇದನ್ನೂ ಕೆರೀಲಾ?’

‘ನನ್ನೇನು ಕೇಳ್ತೀಯ? ಕೆರಿ.’

ಕೆರೆದೆ. ಅತ್ತೆ ಪುಡಿ ಗುಡಿಸುತ್ತಾ ಇಡೀ ಸರ್ಕಾರದ ವಂಶವನ್ನು ಬಾಯಿಗೆ ಬಂದ ಹಾಗೆ ಬೈದಳು.

ಅದೇ ತಪಾಸಣೆಯವನು ಬಂದ. ಬಾಗಿಲಲ್ಲೇ ನಿಂತು ಗೋಡೆ ನೋಡಿ ‘ಈಗ ಸರಿ ಹೋಯ್ತು’ ಅಂದ. ನಗುತ್ತಲೇ ಅಂದ. ನನ್ನ ಗಂಡ ಮಂಚದ ಮೇಲೆ ಮಲಗಿದ್ದ.

‘ಮಂಚ ಬೇಡ ಯಜಮಾನ್ರೇ. ಫೋಟೋದಲ್ಲಿ ಮಂಚ ಬಂದ್ರೆ ಮೇಲಿನೋರು ಪ್ರಶ್ನೆ ಕೇಳ್ತಾರೆ. ನೆಲಕ್ಕೆ ಬನ್ನಿ.’

ಅವನಿಗೆ ನೆಲಕ್ಕೆ ಇಳಿಯಲು ಆಗುವುದಿಲ್ಲ. ಸ್ಟೂಲಿನ ಎತ್ತರಕ್ಕಿಂತ ಕೆಳಗೆ ಸೊಂಟ ಬಾಗುವುದಿಲ್ಲ. ನಾನೂ ಅತ್ತೆಯೂ ಕಂಕುಳಿಗೆ ಕೈ ಕೊಟ್ಟು ಇಳಿಸಿದೆವು. ಅರ್ಧ ದಾರಿಯಲ್ಲಿ ಅವನ ಬಾಯಿಂದ ಒಂದು ಸದ್ದು ಬಂತು, ಅದನ್ನು ಅಲ್ಲೇ ನುಂಗಿದ. ಕೆರೆದ ಗಾರೆಯ ಪುಡಿಯ ಮೇಲೆ ಬರೀ ನೆಲದಲ್ಲಿ ಮಲಗಿದ.

‘ಈ ಕಡೆ ತಿರುಗಿ. ಆಪರೇಷನ್ ಗುರುತು ಕಾಣ್ಬೇಕು, ಸ್ವಲ್ಪ ಪ್ಯಾಂಟ್ ಇಳ್ಸಿ. ಇನ್ನೂ ಸ್ವಲ್ಪ. ಅಮ್ಮ, ನೀವು ಪಕ್ಕದಲ್ಲಿ ಕೂತು ತಲೆ ಬಗ್ಗಿಸಿ. ಅಜ್ಜೀ, ನಗ್ಬೇಡಿ.’

‘ನಗ್ತಿಲ್ಲಪ್ಪ. ನನ್ನ ಬಾಯಿ ಇರೋದೇ ಹೀಗೆ’ ಅಂದಳು ಅತ್ತೆ.

ಹನ್ನೆರಡು ಫೋಟೋ ತೆಗೆದ. ನಾನು ತಲೆ ಬಗ್ಗಿಸಿ ಕೂತೆ. ನನ್ನ ಗಂಡನ ಬೆತ್ತಲೆ ಸೊಂಟ ಈಗ ಯಾವುದೋ ಕಚೇರಿಯ ಕಂಪ್ಯೂಟರಿನಲ್ಲಿದೆ. ಮನೆ ಉಳಿಯುತ್ತದೆ ಅಂತ ಸುಮ್ಮನಿದ್ದೆ. ಅವತ್ತು ಬಾಯಿ ಬಿಡದಿದ್ದಕ್ಕೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ.

ಎರಡನೇ ಕಾಗದ ಬೇಗ ಬಂತು. ‘ಮೊದಲ ಪರಿಶೀಲನೆಯ ಛಾಯಾಚಿತ್ರಗಳೊಂದಿಗೆ ಹೋಲಿಸಲಾಗಿ, ನೆರವು ಪಡೆಯುವ ದುರುದ್ದೇಶದಿಂದ ಅರ್ಜಿದಾರರು ಸುಸ್ಥಿತಿಯಲ್ಲಿದ್ದ ಮನೆಗೆ ತಾವೇ ಹಾನಿ ಮಾಡಿರುವುದು ಕಂಡುಬಂದಿರುತ್ತದೆ. ಮುಂದಿನ ಮೂರು ವರ್ಷ ಸದರಿಯವರ ಅರ್ಜಿಯನ್ನು ಸ್ವೀಕರಿಸತಕ್ಕದ್ದಲ್ಲ.’

ಕಚೇರಿಗೆ ಹೋದೆ. ಕನ್ನಡಕದ ಮೇಡಂ ನನ್ನ ಮುಖ ನೋಡಲಿಲ್ಲ. ‘ನಾನು ನಿಮಗೇನೂ ಹೇಳಿಲ್ಲಮ್ಮ’ ಅಂದಳು. ನಾನು ಇನ್ನೂ ಕೇಳಿಯೇ ಇರಲಿಲ್ಲ. ಒಳಗಿನ ದೊಡ್ಡ ಸಾಹೇಬರ ಹತ್ತಿರ ಹೋದೆ.

‘ಮೊದಲನೇ ಸಲ ಮನೆ ಚೆನ್ನಾಗಿದೆ ಅಂದ್ರಿ. ಎರಡನೇ ಸಲ ಚೆನ್ನಾಗಿಲ್ಲ ಅಂದ್ರಿ. ಯಾವ ಥರ ಇದ್ರೆ ಕೊಡ್ತೀರಿ ಸರ್?’

‘ಸಹಜವಾಗಿ ಇರ್ಬೇಕಿತ್ತಮ್ಮ’ ಅಂದರು ಸಾಹೇಬರು.

‘ಅವನ ಸೊಂಟ ಎರಡು ಸಲವೂ ಮುರಿದೇ ಇತ್ತಲ್ಲ ಸರ್. ಅದನ್ನ ಯಾಕೆ ನೋಡ್ಲಿಲ್ಲ?’

‘ಈ ಯೋಜನೆ ಮನೆಗೆ ಸಂಬಂಧಪಟ್ಟದ್ದು’ ಅಂತ ಗಂಟೆ ಒತ್ತಿದರು. ಜವಾನ ಬಂದು ಬಾಗಿಲು ತೋರಿಸಿದ.

ಒಂದು ತಿಂಗಳ ಮೇಲೆ ಬ್ಯಾಂಕಿನ ಆಳು ಬಂದ. ಬೆಳಿಗ್ಗೆ ಹತ್ತು ಗಂಟೆ. ಹೆಗಲಲ್ಲಿ ಚೀಲ, ಕೈಯಲ್ಲಿ ಅಂಟಿನ ಡಬ್ಬ. ಮನೆ ಜಪ್ತಿಯ ನೋಟಿಸು. ಅದನ್ನು ಮುಂದಿನ ಗೋಡೆಗೆ, ಮನೆ ಸಂಖ್ಯೆಯ ಪಕ್ಕದಲ್ಲಿ ಅಂಟಿಸಿ ಫೋಟೋ ತೆಗೆಯಬೇಕಂತೆ. ಬಾಗಿಲಿಗೆ ಅಂಟಿಸಿದರೆ ನಡೆಯುವುದಿಲ್ಲವಂತೆ. ಫೋಟೋ ಆದ ದಿನದಿಂದ ಮೂವತ್ತು ದಿನ. ಆಮೇಲೆ ಬೀಗ.

ಅವನು ಅಂಟು ಬಳಿದು ಕಾಗದ ಒತ್ತಿದ. ಕೈ ತೆಗೆದ ಕೂಡಲೇ ಅದು ಜಾರಿ ಬಿತ್ತು. ಇನ್ನೂ ದಪ್ಪಗೆ ಬಳಿದ. ಮತ್ತೆ ಬಿತ್ತು. ಕೆರೆದ ಗೋಡೆಯ ಪುಡಿ ಅಂಟನ್ನು ಕುಡಿಯುತ್ತದೆ, ಕಾಗದವನ್ನು ಹಿಡಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೈಮರ್ ಹಚ್ಚಿ ಒಣಗಿಸಿದರೆ ಹಿಡಿಯುತ್ತದೆ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಅವನಿಗೆ ಬೆವರಿಳಿಯುತ್ತಿತ್ತು. ನನ್ನ ಕಡೆ ತಿರುಗಿದ.

‘ಅಮ್ಮ, ಒಂದ್ನಿಮಿಷ ಈ ಮೂಲೆ ಹಿಡ್ಕೊಳ್ಳಿ. ಫೋಟೋ ತೆಗೆದ್ರೆ ನನ್ನ ಕೆಲಸ ಮುಗೀತು.’

ನನ್ನ ಕೈ ಮೇಲೆ ಹೋಯಿತು. ಹದಿನಾಲ್ಕು ವರ್ಷ ‘ಅದನ್ನ ಹಿಡಿ, ಇದನ್ನ ಹಿಡಿ’ ಅಂತ ಕೇಳಿ ಕೇಳಿ ಹಿಡಿದ ಕೈ ಅದು. ಏಣಿ ಹಿಡಿದಿದೆ, ಡಬ್ಬ ಹಿಡಿದಿದೆ, ಹಗ್ಗ ಹಿಡಿದಿದೆ. ಕಾಗದದ ಹತ್ತಿರ ಹೋದ ಕೈಯನ್ನು ನಾನೇ ವಾಪಸ್ಸು ಎಳೆದುಕೊಂಡೆ.

‘ಹಿಡಿಯಲ್ಲ.’

‘ಅಯ್ಯೋ ಅಮ್ಮ, ನಾನೇನು ಮಾಡ್ಲಿ? ನಾನೂ ದಿನಗೂಲಿಯೋನೇ.’

‘ಗೊತ್ತು. ಆದ್ರೂ ಹಿಡಿಯಲ್ಲ. ಗೋಡೆ ಕೆರಿ ಅಂದ್ರು, ಕೆರೆದೆ. ಗಂಡನ್ನ ನೆಲದ ಮೇಲೆ ಮಲಗ್ಸು ಅಂದ್ರು, ಮಲಗ್ಸಿದೆ. ತಲೆ ಬಗ್ಸು ಅಂದ್ರು, ಬಗ್ಸಿದೆ. ಈಗ ನನ್ನ ಮನೆ ಕಿತ್ಕೊಳ್ಳೋ ಕಾಗದಾನೂ ನಾನೇ ಹಿಡ್ಕೊಂಡು ನಿಲ್ಬೇಕಾ? ಫೋಟೋಗೆ?’

ನನ್ನ ದನಿ ಬೀದಿಯ ಕೊನೆಯವರೆಗೆ ಕೇಳಿಸಿರಬೇಕು. ಜನ ಬಾಗಿಲಿಗೆ ಬಂದರು. ಬ್ಯಾಂಕಿನ ಆಳು ಅತ್ತೆಯನ್ನು ನೋಡಿದ. ಅವಳು ಎರಡೂ ಕೈಯನ್ನು ಕಂಕುಳಲ್ಲಿ ಸೇರಿಸಿಕೊಂಡಳು. ಎದುರು ಮನೆಯ ಹೊಲಿಗೆಯಕ್ಕನನ್ನು ಕರೆದ. ಅವಳ ಅರ್ಜಿಯೂ ಅದೇ ಕಚೇರಿಯಲ್ಲಿ ಕೊಳೆಯುತ್ತಿತ್ತು.

‘ನನ್ನ ಕೈ ಖಾಲಿ ಇಲ್ಲ’ ಅಂತ ಖಾಲಿ ಕೈ ತೋರಿಸಿದಳು. ಯಾರೋ ನಕ್ಕರು.

ಅವನು ಒಂದು ಕೈಯಲ್ಲಿ ಕಾಗದ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಫೋಟೋ ತೆಗೆಯಲು ನೋಡಿದ. ಕಾಗದ ಬಂದರೆ ಮನೆ ಸಂಖ್ಯೆ ಬರಲಿಲ್ಲ, ಮನೆ ಸಂಖ್ಯೆ ಬಂದರೆ ಕಾಗದ ಬರಲಿಲ್ಲ. ಕೊನೆಗೆ ಅಂಟು ಮೆತ್ತಿದ ನೋಟಿಸನ್ನು ಮಡಿಸಿ ಚೀಲಕ್ಕೆ ತುರುಕಿದ.

‘ನಾಳೆ ಬರ್ತೀನಿ. ಮೊಳೆ ತರ್ತೀನಿ’ ಅಂದ.

‘ತಗೊಂಡು ಬಾ’ ಅಂದೆ.

ಹೊಲಿಗೆಯಕ್ಕ ಅವತ್ತು ಮಿಷನ್ ತುಳಿಯಲಿಲ್ಲ. ಬೀದಿಯ ಉದ್ದಕ್ಕೂ ಹೋಗಿ, ಕಂತು ತಪ್ಪಿದ ಒಂದೊಂದು ಮನೆಯ ಬಾಗಿಲನ್ನೂ ಬಡಿದಳು. ಅಷ್ಟು ಬಾಗಿಲುಗಳಿವೆ ಅಂತ ನನಗೆ ಗೊತ್ತೇ ಇರಲಿಲ್ಲ. ಎಲ್ಲರೂ ಮರ್ಯಾದೆಗೆ ಅಂಜಿ ಮುಚ್ಚಿಟ್ಟುಕೊಂಡಿದ್ದರು, ನಮ್ಮ ಹಾಗೆ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಲಿಲ್ಲ. ಮನೆ ಮುಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಪಕ್ಕದಲ್ಲಿ ಅತ್ತೆ. ಅತ್ತೆಯ ಪಕ್ಕ ಹೊಲಿಗೆಯಕ್ಕ, ಆಮೇಲೆ ಬಸ್ ಕಂಡಕ್ಟರ್ ಒಬ್ಬ, ಆಸ್ಪತ್ರೆಯ ನೆಲ ಒರೆಸುವವಳು, ಅವಳ ಅಕ್ಕ, ಹೆಸರೂ ತಿಳಿಯದ ಇನ್ನೂ ಕೆಲವರು. ನನ್ನ ಗಂಡ ಕೋಲೂರಿಕೊಂಡು ಹೊರಗೆ ಬಂದ. ‘ಒಳಗೆ ಹೋಗು, ನೋವಾಗುತ್ತೆ’ ಅಂದೆ. ‘ಸರಿ ಅತ್ಲಾಗೆ’ ಅಂದು ನನ್ನನ್ನು ತಳ್ಳಿಕೊಂಡು ಜಾಗ ಮಾಡಿ, ಭುಜಕ್ಕೆ ಭುಜ ಒತ್ತಿ ನಿಂತ.

ಹತ್ತು ಗಂಟೆಗೆ ಬ್ಯಾಂಕಿನ ಆಳು ಬಂದ. ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದ, ಕೈಯಲ್ಲಿ ಸುತ್ತಿಗೆ ಇತ್ತು. ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಮತ್ತೆ ಆ ತುದಿಯಿಂದ ಈ ತುದಿಗೆ ನೋಡಿದ. ಮೊಳೆ ಹೊಡೆಯಲು ಅವನಿಗೆ ಎಲ್ಲೂ ಗೋಡೆ ಕಾಣಲಿಲ್ಲ.